ನಿರ್ಜನ ದ್ವೀಪದಲ್ಲಿ ಮನೆಯ ಹಂಬಲ

ವಿದ್ಯಾರ್ಥಿನಿಲಯಕ್ಕೆ ಹೊಸದಾಗಿ ಬಂದ ಬಾಲಕಿಯು ಮೊದಲ ಸಂಜೆ ಅಳುವುದುಂಟು. ಅಳಬೇಡವೆಂದು ಹೇಳುವುದು ಸುಲಭ. ಆ ಅಳುವಿನ ಅರ್ಥವನ್ನು ತಿಳಿಯುವುದು ಸುಲಭವಲ್ಲ. ಅದನ್ನು ತಿಳಿಯಲು ನನಗೆ ನೆರವಾದುದು ಡೇನಿಯಲ್ ಡಿಫೋ ಎಂಬ ಆಂಗ್ಲ ಗ್ರಂಥಕರ್ತನು ೧೭೧೯ರಲ್ಲಿ ಪ್ರಕಟಿಸಿದ 'ರಾಬಿನ್‌ಸನ್ ಕ್ರೂಸೋ' ಎಂಬ ಕಥೆ.

ಕ್ರೂಸೋ ತಂದೆಯ ಕಣ್ಣೀರಿನ ಬುದ್ಧಿವಾದವನ್ನು ಮೀರಿ, ಹೆತ್ತವರಿಗೆ ತಿಳಿಸದೆ ಹಡಗನ್ನೇರಿದವನು. ಮುಂದೊಂದು ಯಾನದಲ್ಲಿ ಹಡಗು ಒಡೆದು, ನಿರ್ಜನ ದ್ವೀಪದಲ್ಲಿ ೨೮ ವರ್ಷಗಳಿಗೂ ಮಿಗಿಲಾಗಿ ಕಳೆದನು. ಅವನ ಹಂಬಲವನ್ನು ಗ್ರಂಥಕರ್ತನು ಮಾತಿಗಿಂತಲೂ ಹೆಚ್ಚಾಗಿ ವಸ್ತುಗಳ ಮೂಲಕ ತೋರಿಸಿರುವನು.

ದ್ವೀಪದ ಒಳಭಾಗದಲ್ಲಿ ದ್ರಾಕ್ಷಿಯೂ ನಿಂಬೆಯೂ ಬೆಳೆಯುವ ಸೊಗಸಾದ ಕಣಿವೆಯೊಂದು ಅವನಿಗೆ ದೊರಕಿತು. ಆದರೂ ಅವನು ಕಡಲಂಚಿನ ವಾಸವನ್ನು ಬಿಡಲಿಲ್ಲ. ಕಡಲು ಕಾಣದಲ್ಲಿ ಬಿಡುಗಡೆಯ ಆಸೆಯೂ ಇರದೆಂದು ಅವನ ಎಣಿಕೆ. ಬಳಿಕ ದೊಡ್ಡದೊಂದು ಮರವನ್ನು ಕಡಿದು, ತಿಂಗಳುಗಟ್ಟಲೆ ಕೆತ್ತಿ, ೨೬ ಜನರು ಕೂರಬಹುದಾದ ದೋಣಿಯನ್ನು ಮಾಡಿದನು. ಅದನ್ನು ನೀರಿಗೆ ಸಾಗಿಸುವ ಬಗೆಯನ್ನು ಮಾತ್ರ ಮೊದಲು ಯೋಚಿಸಿರಲಿಲ್ಲ! ಒಬ್ಬನ ಬಲಕ್ಕೆ ಅದು ಕದಲಲೇ ಇಲ್ಲ. ಬುದ್ಧಿಯನ್ನು ಮೀರಿದ ಹಂಬಲಕ್ಕೆ ಆ ದೋಣಿಯೇ ಕುರುಹು.

ಇನ್ನೊಂದು ಕುರುಹು ಅವನ ಗಿಳಿ. ತನ್ನ ಹೆಸರನ್ನು ಕರೆಯುವುದನ್ನು ಅವನು ಅದಕ್ಕೆ ಕಲಿಸಿದನು. ಸಮುದ್ರದ ಸೆಳೆತದಿಂದ ಪಾರಾಗಿ ದಣಿದು ಮಲಗಿದ ಒಂದು ದಿನ, ಆ ಗಿಳಿಯು ಅವನ ಹೆಸರನ್ನು ಹಿಡಿದು, ಎಲ್ಲಿಗೆ ಹೋಗಿದ್ದೆಯೆಂದು ಕೇಳಿತು. ಅವನು ಬೆಚ್ಚಿ ಎಚ್ಚತ್ತನು. ಮನೆಯೆಂದರೆ ಗೋಡೆ ಮಾಡುಗಳಲ್ಲ. ನಮ್ಮನ್ನು ಹೆಸರಿಡಿದು ಕರೆದು, ಎಲ್ಲಿದ್ದೆಯೆಂದು ಕೇಳುವ ದನಿ. ಅದು ಇಲ್ಲದಲ್ಲಿ ಮನುಷ್ಯನು ಹಕ್ಕಿಗಾದರೂ ಅದನ್ನು ಕಲಿಸಿಕೊಳ್ಳುವನು.

ಕೊನೆಗೆ ಕ್ರೂಸೋ ಇಂಗ್ಲೆಂಡಿಗೆ ಮರಳಿದಾಗ ಅಲ್ಲಿಂದ ಹೊರಟು ೩೫ ವರ್ಷಗಳಾಗಿದ್ದುವು. ತಂದೆತಾಯಿಗಳು ತೀರಿಹೋಗಿದ್ದರು. ಇಬ್ಬರು ಸೋದರಿಯರೂ ಒಬ್ಬ ಸೋದರನ ಇಬ್ಬರು ಮಕ್ಕಳೂ ಮಾತ್ರ ಉಳಿದಿದ್ದರು. ಊರಿತ್ತು, ಕಾದಿದ್ದ ದನಿಯಿರಲಿಲ್ಲ. ಕಥೆಯ ಅತ್ಯಂತ ದುಃಖದ ಪುಟವು ದ್ವೀಪದ್ದಲ್ಲ, ಇದೇ ಎಂದು ನನ್ನ ಭಾವನೆ.

ಆದುದರಿಂದ ತಾಯ್ತಂದೆಗಳಲ್ಲಿ ನನ್ನ ಬಿನ್ನಹ: ಮನೆಯನ್ನು ನೆನೆದು ಅಳುವ ಮಗಳನ್ನು ದುರ್ಬಲೆಯೆಂದು ಜರೆಯಬೇಡಿರಿ. ಕರೆಯುವ ದನಿಯೊಂದು ತನಗಾಗಿ ಇದೆಯೆಂದು ಬಲ್ಲುದರಿಂದಲೇ ಅವಳು ಅಳುವಳು. ಹಳೆಯ ವಿದ್ಯಾರ್ಥಿನಿಯರೇ, ನೀವು ಈಗ ಎಷ್ಟೇ ದೂರದಲ್ಲಿದ್ದರೂ, ಆ ದನಿಯು ಉಳಿದಿರುವಾಗಲೇ ಒಮ್ಮೆ ಮನೆಗೆ ಹೋಗಿ ಬನ್ನಿರಿ.