ಸ್ಪ್ಯಾನಿಷ್ ವಿಧಿರೂಪಗಳಲ್ಲಿ ಸರ್ವನಾಮದ ಸ್ಥಾನ

ಸ್ಪ್ಯಾನಿಷ್ ಭಾಷೆಯನ್ನು ಕಲಿಯತೊಡಗಿದ ವಿದ್ಯಾರ್ಥಿಗೆ ಬಹುಬೇಗ ಒಂದು ವೈಚಿತ್ರ್ಯ ಎದುರಾಗುತ್ತದೆ. ಸಲಿಗೆಯ ಏಕವಚನದಲ್ಲಿ ‘ಅದನ್ನು ನನಗೆ ಹೇಳು’ ಎನ್ನಲು ‘ದೀಮೆಲೊ’ ಎಂದರೆ ಸಾಕು. ‘ದೀ’ ಎಂದರೆ ಹೇಳು, ‘ಮೆ’ ಎಂದರೆ ನನಗೆ, ‘ಲೊ’ ಎಂದರೆ ಅದನ್ನು. ಮೂರೂ ಕೂಡಿ ಒಂದೇ ಪದ. (ಆಘಾತವುಳ್ಳ ಸ್ವರವನ್ನು ಇಲ್ಲಿ ದೀರ್ಘವಾಗಿ ಬರೆದಿದ್ದೇವೆ.) ಆದರೆ ‘ಹೇಳಬೇಡ’ ಎನ್ನುವಾಗ ‘ನೊ ಮೆ ಲೊ ದೀಗಸ್’ ಎಂದಾಗುತ್ತದೆ, ಸರ್ವನಾಮಗಳು ಕ್ರಿಯಾಪದಕ್ಕಿಂತ ಮೊದಲೇ ಬಂದು ಬಿಡಿಯಾಗಿ ನಿಲ್ಲುತ್ತವೆ. ಇದನ್ನು ಎರಡು ನಿಯಮಗಳೆಂದು ಬಾಯಿಪಾಠ ಮಾಡಿದವನು ಮಾತಿನ ಭರದಲ್ಲಿ ‘ನೊ ದೀಮೆಲೊ’ ಎಂದುಬಿಡುತ್ತಾನೆ. ಅಂತಹ ರೂಪವು ಸ್ಪ್ಯಾನಿಷ್‌ನಲ್ಲಿ ಇಲ್ಲ. ಕಾರಣವನ್ನು ತಿಳಿದರೆ ಈ ತೊಡಕು ಬಹುಮಟ್ಟಿಗೆ ಕಳೆಯುತ್ತದೆಂದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ, ಇಲ್ಲಿ ಕ್ರಿಯಾರೂಪವೇ ಬೇರೆ. ‘ದೀ’ ಎಂಬುದು ಲ್ಯಾಟಿನ್ನಿನ ‘ದೀಕ್’ ಎಂಬ ವಿಧಿರೂಪದಿಂದ ಬಂದುದು; ಸ್ಪ್ಯಾನಿಷ್‌ನಲ್ಲಿ ಅದಕ್ಕೆ ನಿಷೇಧವಿಲ್ಲ. ನಿಷೇಧಕ್ಕೆ ಸಂಭಾವನಾರ್ಥದ ‘ದೀಗಸ್’ ಎಂಬುದನ್ನು ಎರವಲು ಪಡೆಯಬೇಕು. ಕನ್ನಡಿಗನಿಗೆ ಇದು ಹೊಸತಲ್ಲ: ‘ಹೇಳು’ ಎಂಬುದನ್ನು ನಿಷೇಧಿಸಲು ನಾವೂ ‘ಬೇಡ’ ಎಂಬ ಬೇರೊಂದು ಕ್ರಿಯೆಯನ್ನು ಕರೆಯುತ್ತೇವೆ.

ಎರಡನೆಯದು ಚರಿತ್ರೆಯ ವಿಷಯ. ಮಧ್ಯಯುಗದ ಸ್ಪ್ಯಾನಿಷ್‌ನಲ್ಲಿ ಆಘಾತರಹಿತವಾದ ಸರ್ವನಾಮವು ವಾಕ್ಯದ ಮೊದಲ ಪದವಾಗುವಂತಿರಲಿಲ್ಲ. ಒರಗಿಕೊಳ್ಳಲು ಅದಕ್ಕೆ ಹಿಂದೆ ಒಂದು ಪದ ಬೇಕಾಗಿತ್ತು. ಕ್ರಿಯಾಪದವೇ ಮೊದಲು ಬಂದರೆ ಸರ್ವನಾಮವು ಅದರ ಅನಂತರ ಬರುತ್ತಿತ್ತು. ‘ನೊ’ ಮೊದಲಿದ್ದರೆ ಅದಕ್ಕೇ ಒರಗುತ್ತಿತ್ತು. ರೋಮಾನ್ಸ್ ಭಾಷೆಗಳ ಈ ನಿಯಮಕ್ಕೆ ಟೋಬ್ಲರ್ ಮತ್ತು ಮುಸ್ಸಾಫಿಯಾ ಎಂಬ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರ ಹೆಸರುಗಳಿವೆ. ಸಾಮಾನ್ಯ ವಾಕ್ಯಗಳಲ್ಲಿ ಅದು ಕಾಲಕ್ರಮದಲ್ಲಿ ಸಡಿಲಿತು. ಇಂದು ‘ಮೆ’ ಎಂದೇ ವಾಕ್ಯವನ್ನು ಆರಂಭಿಸಬಹುದು. ವಿಧಿರೂಪವಾದರೋ ಹಳೆಯ ಕ್ರಮವನ್ನು ಬಿಡಲಿಲ್ಲ.

ಆತ್ಮಾರ್ಥಕ ಸರ್ವನಾಮಗಳೂ ಇದೇ ಹಾದಿಯನ್ನು ಹಿಡಿಯುತ್ತವೆ: ‘ಲಾಬತೆ’, ‘ನೊ ತೆ ಲಾಬೆಸ್’. ಇವನ್ನು ಇಂಗ್ಲಿಷಿನ ಮೂಲಕ ಕಲಿಸುವುದು ವ್ಯರ್ಥವಾದ ಸುತ್ತುದಾರಿ. ‘ತೊಳೆ’ ಎಂಬುದಕ್ಕೂ ‘ತೊಳೆದುಕೊ’ ಎಂಬುದಕ್ಕೂ ಇರುವ ಭೇದವೇ ‘ಲಾಬ’, ‘ಲಾಬತೆ’ಗಳಲ್ಲಿದೆ. ‘ಲಾಬತೆ ಲಸ್ ಮಾನೊಸ್’ ಎಂದರೆ ‘ಕೈ ತೊಳೆದುಕೊ’. ‘ನಿನ್ನ ಕೈ’ ಎಂದು ಎರಡು ಭಾಷೆಗಳಲ್ಲಿಯೂ ಹೇಳಬೇಕಾಗಿಲ್ಲ. ಆದರೆ ಹೋಲಿಕೆ ಎಲ್ಲೆಡೆಯೂ ‘ಕೊ’ ಎಂಬಲ್ಲಿಗೇ ನಿಲ್ಲದು. ‘ಬೇ’ ಎಂದರೆ ಹೋಗು, ‘ಬೇತೆ’ ಎಂದರೆ ಹೊರಟುಹೋಗು. ‘ಕೋಮೆಲೊ’ ಎಂದರೆ ಅದನ್ನು ತಿನ್ನು, ‘ಕೋಮೆತೆಲೊ’ ಎಂದರೆ ತಿಂದುಬಿಡು. ‘ತೆ’ ಎಂಬ ಒಂದೇ ಸರ್ವನಾಮವು ನಮ್ಮ ಹಲವು ಸಹಾಯಕ ಕ್ರಿಯೆಗಳ ಕೆಲಸವನ್ನು ಮಾಡುತ್ತದೆ.

‘ಅವನಿಗೆ ಅದನ್ನು ಕೊಡು’ ಎಂಬುದು ‘ದಾಸೆಲೊ’. ಇಲ್ಲಿನ ‘ಸೆ’ ಆತ್ಮಾರ್ಥಕವಲ್ಲ. ‘ಲೆ’ ಎಂಬುದು ‘ಲೊ’ ಎಂಬುದರ ಮುಂದೆ ನಿಲ್ಲಲಾರದು. ಹಳೆಯ ಸ್ಪ್ಯಾನಿಷ್‌ನ ‘ಗೆ’ ಎಂದು ಬರೆಯುತ್ತಿದ್ದ ರೂಪವು ಕ್ರಮೇಣ ‘ಸೆ’ ಆಗಿ ಆ ಸ್ಥಾನದಲ್ಲಿ ಉಳಿಯಿತು. ಇವೆರಡು ‘ಸೆ’ಗಳನ್ನು ಅಧ್ಯಾಪಕರು ಮೊದಲ ದಿನವೇ ಬೇರ್ಪಡಿಸಿ ತೋರಿಸುವುದು ಒಳ್ಳೆಯದು.

ಆಘಾತಚಿಹ್ನೆಯ ವಿಚಾರ ಸುಲಭ. ‘ದೀಮೆ’ಗೆ ಚಿಹ್ನೆ ಬೇಡ, ‘ದೀಮೆಲೊ’ದಲ್ಲಿ ಆಘಾತವು ಕೊನೆಯಿಂದ ಮೂರನೆಯ ಅಕ್ಷರಕ್ಕೆ ಸರಿದುದರಿಂದ ಬೇಕು. ಅರ್ಜೆಂಟೀನದಲ್ಲಿ ಆಘಾತವೇ ಬೇರೆ ಕಡೆ ಬೀಳುತ್ತದೆ: ಸ್ಪೇನಿನ ‘ಸ್ಯೇಂತತೆ’, ಅಂದರೆ ಕುಳಿತುಕೊ, ಅಲ್ಲಿ ‘ಸೆಂತಾತೆ’.

ಸ್ಪೇನಿನ ಸಲಿಗೆಯ ಬಹುವಚನದಲ್ಲಿ ‘ಸೆಂತಾದ್’ ಎಂಬುದಕ್ಕೆ ‘ಒಸ್’ ಸೇರಿದಾಗ ದಕಾರ ಲೋಪವಾಗಿ ‘ಸೆಂತಾಒಸ್’ ಆಗುತ್ತದೆ. ‘ಹೋಗು’ ಎಂಬ ಧಾತುವಿನ ‘ಈದೊಸ್’ ಮಾತ್ರ ಇದಕ್ಕೆ ಅಪವಾದ. ಜನರ ಬಾಯಲ್ಲಿ ಅದು ಬಹುಕಾಲದಿಂದ ‘ಈರೊಸ್’ ಆಗಿತ್ತು. ರಿಯಲ್ ಅಕಾಡೆಮಿಯು 2017ರಲ್ಲಿ ಅದನ್ನೂ ಒಪ್ಪಿತು. ಈ ರಿಯಾಯಿತಿ ಆ ಒಂದು ಧಾತುವಿಗೆ ಮಾತ್ರ. ‘ಸೆಂತಾರೊಸ್’ ಎಂದು ಅಪ್ಪಣೆ ಕೊಡುವುದು ಶಿಷ್ಟ ಭಾಷೆಯಲ್ಲಿ ಇಂದಿಗೂ ತಪ್ಪೇ.