ಬಿ.ಹೆಚ್. ರಸ್ತೇಲಿ ಕಾಣೋ ಮಿಲಿಟರಿ ಲಾರಿಗೂ ಮರಳುಗಾಡಿನ ರೇಸಿಗೂ ಏನು ನಂಟು?

ಕೊಬ್ಬರಿ ಲೋಡ್ ಹೊತ್ತು ಉತ್ತರ ಭಾರತಕ್ಕೆ ಹೋಗಿ ಬರೋ ನಮ್ಮ ತಿಪಟೂರು ಕಡೆಯ ಡ್ರೈವರ್‌ಗಳಿಗೆ ಸೇನೆಯ ದೊಡ್ಡ ಲಾರಿಗಳು ಹೊಸದಲ್ಲ. ಎಂಟು ಚಕ್ರ, ಚಪ್ಪಟೆ ಮೂತಿ, ಸ್ಟೇರಿಂಗ್ ಎಡಗಡೆ. ಅದರ ಹೆಸರು ಟಾಟ್ರಾ. ಟಾಟಾ ಅಲ್ಲ, ಟಾಟ್ರಾ. ಮೂಲ ಜೆಕ್ ದೇಶದ್ದು. ಬೆಂಗಳೂರಲ್ಲಿ ಕೇಂದ್ರ ಕಚೇರಿ ಇರೋ ನಮ್ಮ ಬಿಇಎಂಎಲ್ ಕಂಪನಿ 1986ರ ಒಪ್ಪಂದದ ಮೇಲೆ ಇದನ್ನ ಸೇನೆಗೆ ಮಾಡಿಕೊಡ್ತಾ ಬಂದಿದೆ. ಪಿನಾಕ ರಾಕೆಟ್ ಹೊರೋದೂ ಇದೇ ಜಾತಿ ಗಾಡಿ.

ಇದೇ ಟಾಟ್ರಾ 815, ಡಕಾರ್ ರ‍್ಯಾಲಿ ಅನ್ನೋ ಮರಳುಗಾಡಿನ ರೇಸ್ ಗೆದ್ದಿರೋ ಲಾರಿ ಅಂದ್ರೆ ಸುಮಾರು ಜನ ನಂಬಲ್ಲ. ಟಾಟ್ರಾ ಕಂಪನಿಯ ಕಾರೆಲ್ ಲೋಪ್ರೈಸ್ ಅನ್ನೋರು 1988ರಿಂದ 2001ರೊಳಗೆ ಆರು ಸಲ ಲಾರಿ ವಿಭಾಗದಲ್ಲಿ ಮೊದಲು ಬಂದರು. ಅವರಿಗಿಂತ ಮುಂದೆ ಇರೋದು ರಷ್ಯಾದ ಕಾಮಾಝ್ ಲಾರಿಯ ವ್ಲಾದಿಮಿರ್ ಚಾಗಿನ್, ಏಳು ಸಲ.

ಲಾರಿ ಈ ರೇಸಿಗೆ ಬಂದಿದ್ದೇ ಒಂದು ತಮಾಷೆ. 1978ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಿಂದ ಆಫ್ರಿಕಾದ ಡಕಾರ್‌ಗೆ ಮೊದಲ ಸಲ ಹೊರಟಾಗ ಬೈಕು, ಕಾರಿನದೇ ಕಾರುಬಾರು. ಲಾರಿ ಅಂದ್ರೆ ಅವುಗಳ ಟೈರು, ಬಿಡಿ ಭಾಗ ಹೊತ್ತು ಹಿಂದೆ ಬರೋ ಆಳು. 1980ರಲ್ಲಿ ಲಾರಿಗೇ ಬೇರೆ ವಿಭಾಗ ಮಾಡಿದರು.

ಈಗ ಅದರ ಕೆಲಸ ಹೇಗೆ ನೋಡಿ. ನಮ್ಮ ಲಾರೀಲಿ ಏಣಿ ಥರ ಎರಡು ಉದ್ದನೆ ಚಾಸಿ, ಕೆಳಗೆ ಅಡ್ಡಕ್ಕೆ ಒಂದೇ ಆಕ್ಸಲ್. ಒಂದು ಚಕ್ರ ದಿಣ್ಣೆ ಹತ್ತಿದ್ರೆ ಇನ್ನೊಂದೂ ವಾಲುತ್ತೆ. ಟಾಟ್ರಾದಲ್ಲಿ ನಡುವೆ ಒಂದು ದಪ್ಪ ಪೈಪು. ತಿರುಗೋ ಶಾಫ್ಟು ಅದರೊಳಗೇ ಇರುತ್ತೆ, ಮಣ್ಣು-ಕಲ್ಲು ತಾಗಲ್ಲ. ತೆಂಗಿನ ಗರಿಯ ನಡುದಿಂಡಿನ ಎರಡೂ ಕಡೆ ಎಲೆ ಇದ್ದ ಹಾಗೆ, ಪೈಪಿನ ಎರಡೂ ಕಡೆ ಅರ್ಧರ್ಧ ಆಕ್ಸಲ್. ಎಡದ ಚಕ್ರ ಮೇಲೆದ್ರೂ ಬಲದ್ದಕ್ಕೆ ಗೊತ್ತೇ ಆಗಲ್ಲ. ಇಂಜಿನ್ ತಣ್ಣಗಾಗೋದು ಗಾಳಿಯಿಂದ. ರೇಡಿಯೇಟರೂ ಇಲ್ಲ, ನೀರು ಕುದಿಯೋ ತಾಪತ್ರಯವೂ ಇಲ್ಲ.

ಇನ್ನೊಂದು ಉಪಾಯ ಟೈರಿಂದು. ಕೆರೆ ಗೋಡು ಹೊಡೆಯೋರಿಗೆ ಗೊತ್ತು, ಹೂತುಕೊಂಡಾಗ ಸ್ವಲ್ಪ ಗಾಳಿ ಬಿಟ್ಟರೆ ಟೈರು ಅಗಲ ಆಗಿ ಹಿಡಿತ ಸಿಗುತ್ತೆ. ರೇಸ್ ಲಾರೀಲಿ ಇಳಿಯೋದೇ ಬೇಡ, ಕ್ಯಾಬಿನ್ನಲ್ಲಿ ಕೂತು ಸ್ವಿಚ್ ಒತ್ತಿದ್ರೆ ಆಯ್ತು. ಒಳಗೆ ಮೂರು ಜನ: ಡ್ರೈವರ್, ದಾರಿ ಹೇಳೋನು, ಮೆಕ್ಯಾನಿಕ್. ಇಂಜಿನ್ ಶಕ್ತಿ ಸಾವಿರ ಹೆಚ್‌ಪಿ ಆಸುಪಾಸು. ನಮ್ಮ ಹತ್ತು ಚಕ್ರದ ಲಾರಿಗೆ ಇರೋದು ಅದರ ಕಾಲು ಭಾಗ. ಆದ್ರೆ ಹಿಂದೆ ಇರೋದು ಸ್ಟೆಪ್ನಿ, ಸಾಮಾನು ಅಷ್ಟೆ. ಬಾಡಿಗೆಗೆ ಬರಲ್ಲ ಬಿಡಿ.

ವೇಗದ ಹುಚ್ಚು ಇಲ್ಲೂ ಪ್ರಾಣ ತೆಗೆದಿದೆ. 1988ರಲ್ಲಿ ಹಾಲೆಂಡಿನ ಯಾನ್ ಡಿ ರೋಯ್ ಎರಡು ಇಂಜಿನ್ನಿನ ಡಾಫ್ ಲಾರಿ ಓಡಿಸಿ, ಮರಳಲ್ಲಿ ಪೆಜೊ ರೇಸ್ ಕಾರನ್ನೇ ಹಿಂದೆ ಹಾಕಿದ್ದರು. ಅದೇ ರ‍್ಯಾಲೀಲಿ ಅವರ ತಂಡದ ಇನ್ನೊಂದು ಲಾರಿ ಜೋರಾಗಿ ಹೋಗುವಾಗ ಪಲ್ಟಿಯಾಗಿ, ಒಳಗಿದ್ದ ಒಬ್ಬರು ಸತ್ತರು. ಡಾಫ್ ತಂಡ ರೇಸಿಂದ ಹೊರನಡೀತು. ಆ ವರ್ಷ ಗೆದ್ದಿದ್ದು ಟಾಟ್ರಾದ ಲೋಪ್ರೈಸ್, ಅವರ ಮೊದಲ ಗೆಲುವು. ಆಮೇಲಾಮೇಲೆ ಲಾರಿಗಳಿಗೆ ಗಂಟೆಗೆ 140 ಕಿ.ಮೀ. ಮಿತಿ ಬಂತು. ನಮ್ಮಲ್ಲಿ ಸರಕು ಲಾರಿಗೆ ಸ್ಪೀಡ್ ಗವರ್ನರ್ 80ಕ್ಕೆ ಇರಬೇಕು. ಅದರ ವೈರ್ ಕಿತ್ತು ರಾತ್ರಿಯೆಲ್ಲ ಓಡಿಸೋರು ಸಾವಿರ ಹೆಚ್‌ಪಿ ರೇಸ್ ಲಾರಿಗೂ ಲಗಾಮು ಇದೆ ಅನ್ನೋದು ಗಮನಿಸಲಿ.

ಈಗ ಈ ರೇಸ್ ಪ್ರತಿ ಜನವರಿ ಸೌದಿ ಅರೇಬಿಯಾದಲ್ಲಿ ನಡೆಯುತ್ತೆ. ಬೈಕ್ ವಿಭಾಗದಲ್ಲಿ 2015ರಲ್ಲಿ ಗುರಿ ಮುಟ್ಟಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, 2019ರಲ್ಲಿ ಉಡುಪಿಯ ಕೆ.ಪಿ. ಅರವಿಂದ್ ಮುಗಿಸಿದರು.