ಚಿಲ್ಗೋಜಾ: ಕಾಡಿನಿಂದ ಅಂಗಡಿಯವರೆಗೆ

ದಕ್ಷಿಣ ದೆಹಲಿಯ ಕಿದ್ವಾಯಿ ನಗರವು ಕೇಂದ್ರ ಸರ್ಕಾರದ ನೌಕರರಿಗಾಗಿ ನಿರ್ಮಾಣಗೊಂಡ ಹಳೆಯ ವಸತಿ ಬಡಾವಣೆಗಳಲ್ಲಿ ಒಂದು. ಸ್ವತಂತ್ರ ಭಾರತದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿ (1894–1954) ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಬಡಾವಣೆಯ ಪೂರ್ವ ಭಾಗದಲ್ಲಿ ಹಳೆಯ ಮನೆಗಳು ಹೋಗಿ ಬಹುಮಹಡಿ ಕಟ್ಟಡಗಳು ಎದ್ದಿವೆ. ಆದರೆ ಸಮೀಪದ ಐ.ಎನ್.ಎ. ಮಾರುಕಟ್ಟೆ ಮಾತ್ರ ತನ್ನ ಸ್ಥಾನವನ್ನು ಉಳಿಸಿಕೊಂಡಿದೆ. ನುಗ್ಗೆಕಾಯಿ, ಕರಿಬೇವು, ತೆಂಗಿನಕಾಯಿ ದೊರೆಯುವ ಸ್ಥಳವೆಂದು ಅದು ದೆಹಲಿಯ ಕನ್ನಡ ಕುಟುಂಬಗಳಿಗೂ ಪರಿಚಿತವಾಗಿದೆ. ಚಳಿಗಾಲದಲ್ಲಿ ಅಲ್ಲಿನ ಒಣಹಣ್ಣಿನ ಅಂಗಡಿಗಳಲ್ಲಿ ಬಾದಾಮಿ, ಅಕ್ರೋಟುಗಳ ಪಕ್ಕದಲ್ಲಿ ಕಂದು ಬಣ್ಣದ, ನೀಳವಾದ, ಸುಮಾರು ಎರಡು ಸೆಂಟಿಮೀಟರ್ ಉದ್ದದ ಬೀಜವೊಂದು ಕಾಣಸಿಗುತ್ತದೆ. ಇದೇ ಚಿಲ್ಗೋಜಾ. ಹಿಮಾಚಲ ಪ್ರದೇಶದಲ್ಲಿ ಇದನ್ನು ನ್ಯೋಜಾ ಎಂದೂ ಕರೆಯುತ್ತಾರೆ. ಇದರ ಬೆಲೆ ಕಿಲೋಗ್ರಾಂಗೆ ಸಾವಿರಾರು ರೂಪಾಯಿ. ಕರ್ನಾಟಕದಿಂದ ಹೊಸದಾಗಿ ಬಂದವರು ಈ ಬೆಲೆಯನ್ನು ಕೇಳಿ ಹೌಹಾರುವುದು ಸಹಜವೇ ಆಗಿದೆ. ಈ ಬೀಜವು ಏಕೆ ಇಷ್ಟು ದುಬಾರಿ, ಇದನ್ನು ಹೇಗೆ ಸಂಗ್ರಹಿಸುತ್ತಾರೆ, ಕೊಳ್ಳುವವರು ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮರ ಮತ್ತು ಅದರ ನೆಲೆ

ಚಿಲ್ಗೋಜಾ ತೋಟದ ಬೆಳೆಯಲ್ಲ. ಅದು ಕಾಡಿನ ಉತ್ಪನ್ನ. ಪೈನ್ ಜಾತಿಗೆ ಸೇರಿದ ಈ ಮರಕ್ಕೆ ಸಸ್ಯಶಾಸ್ತ್ರಜ್ಞರು ಪೈನಸ್ ಜೆರಾರ್ಡಿಯಾನ ಎಂಬ ಹೆಸರನ್ನು ಕೊಟ್ಟಿದ್ದಾರೆ. ಹಿಮಾಲಯದಲ್ಲಿ ಸಂಚರಿಸಿದ ಬ್ರಿಟಿಷ್ ಸೇನೆಯ ಅಧಿಕಾರಿ ಕ್ಯಾಪ್ಟನ್ ಜೆರಾರ್ಡ್ ಅವರ ನೆನಪು ಆ ಹೆಸರಿನಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 1,800ರಿಂದ 3,300 ಮೀಟರ್ ಎತ್ತರದ, ಮಳೆ ಕಡಿಮೆಯಿರುವ ಬಂಡೆಗಲ್ಲಿನ ಇಳಿಜಾರುಗಳಲ್ಲಿ ಮಾತ್ರ ಇದು ಬೆಳೆಯುತ್ತದೆ. ಪೂರ್ವ ಅಫ್ಘಾನಿಸ್ತಾನ, ಪಾಕಿಸ್ತಾನದ ಕೆಲವು ಪರ್ವತ ಪ್ರದೇಶಗಳು ಮತ್ತು ಭಾರತದ ವಾಯವ್ಯ ಹಿಮಾಲಯ ಇದರ ನೆಲೆಗಳಾಗಿವೆ. ನಮ್ಮ ದೇಶದಲ್ಲಿ ಇದು ಮುಖ್ಯವಾಗಿ ಕಂಡುಬರುವುದು ಹಿಮಾಚಲ ಪ್ರದೇಶದ ಕಿನ್ನೌರ್ ಜಿಲ್ಲೆಯಲ್ಲಿ. ಚಂಬಾ ಜಿಲ್ಲೆಯ ಪಾಂಗಿ ಕಣಿವೆಯಲ್ಲಿಯೂ ಜಮ್ಮು ಪ್ರಾಂತದ ಕಿಶ್ತ್ವಾಡದಲ್ಲಿಯೂ ಸ್ವಲ್ಪಮಟ್ಟಿಗೆ ಇದೆ.

ಕಿನ್ನೌರ್ ಸಟ್ಲೆಜ್ ನದಿಯ ಕಣಿವೆಯಲ್ಲಿದ್ದು, ಅದರ ಜಿಲ್ಲಾ ಕೇಂದ್ರ ರೆಕಾಂಗ್ ಪಿಯೋ. ಪರ್ವತಶ್ರೇಣಿಗಳು ಮುಂಗಾರನ್ನು ತಡೆಯುವುದರಿಂದ ಅದರ ಮೇಲ್ಭಾಗದಲ್ಲಿ ಮಳೆ ಅಪರೂಪ. ಚಳಿಗಾಲದ ಹಿಮ ಕರಗಿ ಮಣ್ಣಿಗೆ ಇಳಿದ ತೇವದಿಂದಲೇ ಈ ಮರಗಳು ಬದುಕುತ್ತವೆ. ನಿಧಾನವಾಗಿ ಬೆಳೆಯುವ ಮರವಾದ್ದರಿಂದ, ಒಂದು ಸಸಿಯು ಚೆನ್ನಾಗಿ ಫಲ ಕೊಡುವ ಮಟ್ಟಕ್ಕೆ ಬರಲು ದಶಕಗಳೇ ಬೇಕು. ಅಜ್ಜ ನೆಟ್ಟದ್ದನ್ನು ಮೊಮ್ಮಗ ಉಣ್ಣುವ ಲೆಕ್ಕ ಇದು ಎನ್ನಬಹುದು. ಆದರೆ ಇಲ್ಲಿ ಅಜ್ಜನೂ ನೆಟ್ಟಿರುವುದಿಲ್ಲ, ಕಾಡು ತಾನಾಗಿಯೇ ಹುಟ್ಟಿರುತ್ತದೆ.

ಸಂಗ್ರಹಣೆಯ ಕ್ರಮ

ಚಿಲ್ಗೋಜಾ ಬೀಜಗಳು ಮರದ ಶಂಕುಗಳ ಒಳಗೆ, ಗಟ್ಟಿಯಾದ ಎಸಳುಗಳ ಸಂದಿಯಲ್ಲಿ ಅಡಗಿರುತ್ತವೆ. ಶಂಕುಗಳು ಬಲಿಯುವುದು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ. ಅವು ಮರದಲ್ಲಿಯೇ ಬಿರಿದರೆ ಬೀಜಗಳು ಉದುರಿ ಇಳಿಜಾರಿನಲ್ಲಿ ಚದುರಿಹೋಗುತ್ತವೆ, ಇಲ್ಲವೇ ಹಕ್ಕಿಗಳ ಪಾಲಾಗುತ್ತವೆ. ಆದ್ದರಿಂದ ಶಂಕುಗಳು ಇನ್ನೂ ಹಸಿರಾಗಿ ಮುಚ್ಚಿಕೊಂಡಿರುವಾಗಲೇ ಅವನ್ನು ಕೀಳಲಾಗುತ್ತದೆ. ಕೀಳುವವರು ಮರವನ್ನು ಹತ್ತಿ, ನಮ್ಮಲ್ಲಿ ಮಾವಿನಕಾಯಿ ಕೀಳಲು ಬಳಸುವ ದೋಟಿಯಂತಹ ಕೊಕ್ಕೆಗೋಲಿನಿಂದ ಶಂಕುಗಳನ್ನು ಕೆಡವುತ್ತಾರೆ. ಮರಗಳು ಎಷ್ಟೋ ಕಡೆ ಕಡಿದಾದ ಬಂಡೆಗಳ ಅಂಚಿನಲ್ಲಿರುವುದರಿಂದ ಇದು ಜೀವಕ್ಕೆ ಅಪಾಯವಿರುವ ಕೆಲಸ. ಕಾಲು ಜಾರಿದರೆ ಕೆಳಗೆ ಕಣಿವೆ. ಶಂಕುಗಳಿಂದ ಒಸರುವ ರಾಳವು ಕೈಗೂ ಬಟ್ಟೆಗೂ ಅಂಟಿ ಸುಲಭವಾಗಿ ಹೋಗುವುದಿಲ್ಲ.

ಕೆಡವಿದ ಶಂಕುಗಳನ್ನು ರಾಶಿ ಹಾಕಿ ಕೆಲವು ದಿನ ಬಿಡುತ್ತಾರೆ. ಒಣಗಿದಂತೆ ಎಸಳುಗಳು ಬಿರಿಯುತ್ತವೆ. ಅನಂತರ ಅವನ್ನು ಬಡಿದು ಬೀಜವನ್ನು ಉದುರಿಸಿ, ಕಸ ಮತ್ತು ಜೊಳ್ಳನ್ನು ಬೇರ್ಪಡಿಸಿ, ಚೀಲಗಳಿಗೆ ತುಂಬುತ್ತಾರೆ. ಯಂತ್ರಕ್ಕೆ ಇಲ್ಲಿ ಹೆಚ್ಚಿನ ಪಾತ್ರವಿಲ್ಲ. ದೆಹಲಿಯ ಅಂಗಡಿಯಲ್ಲಿ ಕೇಳುವ ಬೆಲೆಗೆ ಈ ಶ್ರಮವೇ ಮೊದಲ ಕಾರಣ. ಇಳುವರಿಯು ವರ್ಷದಿಂದ ವರ್ಷಕ್ಕೆ ಏರಿಳಿಯುವುದು ಎರಡನೆಯ ಕಾರಣ. ಒಂದು ವರ್ಷ ಮರಗಳು ತುಂಬಿ ಫಲ ಬಿಟ್ಟರೆ ಮರುವರ್ಷ ಬಹುಪಾಲು ಬರಿದಾಗಿ ನಿಲ್ಲುವುದುಂಟು.

ಕೊಂಬೆ ಮುರಿದರೆ ಆಗುವ ನಷ್ಟ

ಇಲ್ಲಿ ಓದುಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಮಾವು ಅಥವಾ ಗೇರು ಹೂ ಬಿಟ್ಟ ವರ್ಷವೇ ಫಲ ಕೊಡುತ್ತದೆ. ಚಿಲ್ಗೋಜಾ ಹಾಗಲ್ಲ. ಒಂದು ವರ್ಷ ಕಾಣಿಸಿಕೊಂಡ ಎಳೆಯ ಶಂಕುವು ಬಲಿಯುವುದು ಮರುವರ್ಷದ ಶರತ್ಕಾಲದಲ್ಲಿ. ಹೀಗಾಗಿ ಕೊಯ್ಲಿನ ಹೊತ್ತಿಗೆ ಒಂದೇ ಮರದಲ್ಲಿ ಎರಡು ತಲೆಮಾರಿನ ಫಲಗಳಿರುತ್ತವೆ: ಬಲಿತ ದೊಡ್ಡ ಶಂಕುಗಳು ಮತ್ತು ಮುಂದಿನ ವರ್ಷಕ್ಕಾಗಿ ಬೆಳೆಯುತ್ತಿರುವ ಪುಟ್ಟ ಶಂಕುಗಳು. ಅವಸರದಲ್ಲಿ ಕೊಂಬೆಯನ್ನೇ ಕಡಿದು ಕೆಡವಿದರೆ ಈ ವರ್ಷದ ಆದಾಯ ಕೈಸೇರುತ್ತದೆ, ಮುಂದಿನ ವರ್ಷದ್ದು ಮಾತ್ರ ಅಲ್ಲಿಗೇ ನಾಶವಾಗುತ್ತದೆ. ಕೊಕ್ಕೆಗೋಲಿನಿಂದ ಶಂಕುವನ್ನಷ್ಟೇ ಕೀಳುವ ತಾಳ್ಮೆಯ ಕೆಲಸಕ್ಕೆ ಇರುವ ಬೆಲೆ ಇದರಿಂದ ಗೊತ್ತಾಗುತ್ತದೆ.

ಇನ್ನೊಂದು ತೊಂದರೆ ಇದಕ್ಕಿಂತ ನಿಧಾನವಾಗಿ ಕಾಣುವಂಥದು. ಬೀಜವೆಲ್ಲವೂ ಚೀಲ ಸೇರಿದರೆ ನೆಲಕ್ಕೆ ಬೀಳುವುದು ಏನೂ ಉಳಿಯುವುದಿಲ್ಲ. ಚಿಲ್ಗೋಜಾ ಬೀಜ ಭಾರವಾದದ್ದು. ಇತರ ಅನೇಕ ಪೈನ್ ಬೀಜಗಳಂತೆ ರೆಕ್ಕೆಯ ಬಲದಿಂದ ಗಾಳಿಯಲ್ಲಿ ದೂರ ತೇಲಲಾರದು. ಮೊಳೆತ ಅಲ್ಪಸ್ವಲ್ಪ ಸಸಿಗಳನ್ನು ಮೇಯಲು ಬಂದ ಆಡು ಕುರಿಗಳು ತಿನ್ನುತ್ತವೆ. ಪರಿಣಾಮವಾಗಿ ಅನೇಕ ಕಾಡುಗಳಲ್ಲಿ ಮುದಿ ಮರಗಳಿವೆ, ಎಳೆಯ ಮರಗಳು ವಿರಳ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಮರವನ್ನು ಅಪಾಯದ ಅಂಚಿಗೆ ಸಮೀಪಿಸಿರುವ ಪ್ರಭೇದವೆಂದು ಗುರುತಿಸಿದೆ. 2022ರ ಮೇ ತಿಂಗಳಲ್ಲಿ ಪಾಕಿಸ್ತಾನದ ಸುಲೈಮಾನ್ ಪರ್ವತಶ್ರೇಣಿಯಲ್ಲಿ ಹಬ್ಬಿದ ಕಾಡ್ಗಿಚ್ಚು ದೊಡ್ಡ ಪ್ರಮಾಣದಲ್ಲಿ ಚಿಲ್ಗೋಜಾ ಮರಗಳನ್ನು ಸುಟ್ಟುಹಾಕಿತು.

ಕಿನ್ನೌರ್‌ನಲ್ಲಿ ಬೀಜವನ್ನು ಸಂಗ್ರಹಿಸುವ ಸಾಂಪ್ರದಾಯಿಕ ಹಕ್ಕು ಗ್ರಾಮಸ್ಥರದು. 2006ರ ಅರಣ್ಯ ಹಕ್ಕುಗಳ ಅಧಿನಿಯಮವೂ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು ಮಾನ್ಯಮಾಡಿದೆ. ಕೆಲವು ಹಳ್ಳಿಗಳವರು ತಾವೇ ಕೊಯ್ಲು ಮಾಡುತ್ತಾರೆ. ಇನ್ನು ಕೆಲವರು ಆ ಋತುವಿನ ಫಲವನ್ನು ಗುತ್ತಿಗೆದಾರರಿಗೆ ವಹಿಸಿಕೊಡುತ್ತಾರೆ. ಒಂದೇ ಋತುವಿಗೆ ಗುತ್ತಿಗೆ ಹಿಡಿದವನಿಗೆ ಮರುವರ್ಷದ ಪುಟ್ಟ ಶಂಕುಗಳ ಚಿಂತೆ ಇರಬೇಕಾದ ಕಾರಣವಿಲ್ಲ. ಕನ್ನಡ ನಾಡಿನ ಓದುಗರಿಗೆ ಇದು ಹೊಸ ಕಥೆಯೇನೂ ಅಲ್ಲ. 1990ರ ದಶಕದಲ್ಲಿ ಉಪ್ಪಾಗೆಗೆ ವಿದೇಶಗಳಿಂದ ಬೇಡಿಕೆ ಬಂದು ಬೆಲೆ ಏರಿದಾಗ ಉತ್ತರ ಕನ್ನಡದ ಕಾಡುಗಳಲ್ಲಿ ಆದದ್ದು ಇದೇ. ಇನ್ನೊಬ್ಬರು ಕೀಳುವ ಮೊದಲೇ ತಾವು ಕೀಳಬೇಕೆಂಬ ಪೈಪೋಟಿಯಲ್ಲಿ ಬಲಿಯದ ಕಾಯಿಗಳನ್ನು ಕೊಯ್ದರು, ಕೊಂಬೆಗಳನ್ನು ಕಡಿದರು. ಕೊಯ್ಲಿನ ದಿನವನ್ನು ಊರವರೇ ಕೂಡಿ ನಿಗದಿಪಡಿಸುವುದು, ಪ್ರತಿ ಮರದಲ್ಲಿ ಕೆಲವು ಶಂಕುಗಳನ್ನು ಬಿಡುವುದು, ಕಾಡಿನ ಒಂದು ಭಾಗವನ್ನು ಸರದಿಯಂತೆ ಮುಟ್ಟದಿರುವುದು ಎರಡೂ ಕಡೆಗೂ ಒಪ್ಪುವ ಉಪಾಯಗಳು. ಗುತ್ತಿಗೆಯ ಅವಧಿ ಕಿರಿದಾಗಿರುವ ಕಡೆ ಇವು ನಡೆಯುವುದು ಕಷ್ಟ ಎಂಬುದನ್ನೂ ಹೇಳಲೇಬೇಕು.

ಹುರಿಯುವ ವಿಧಾನ

ಚಿಲ್ಗೋಜಾದ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬು ಇರುತ್ತದೆ. ಜೊತೆಗೆ ಸಾಕಷ್ಟು ಸಸಾರಜನಕವೂ ರಂಜಕವೂ ಇವೆ. ಎಣ್ಣೆಯ ಅಂಶ ಇಷ್ಟಿರುವುದರಿಂದ ಅದು ಬೇಗ ಸೀಯುತ್ತದೆ. ಹಸಿ ಬೀಜವನ್ನು ಮನೆಯಲ್ಲಿ ಹುರಿಯುವವರು ದಪ್ಪ ತಳದ ಬಾಣಲೆಯಲ್ಲಿ ಸ್ವಲ್ಪ ಪುಡಿಯುಪ್ಪನ್ನು ಬಿಸಿಮಾಡಿ, ಸಿಪ್ಪೆಸಹಿತ ಬೀಜವನ್ನು ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ಆಡಿಸಬೇಕು. ಕಡಲೆಕಾಯಿಯನ್ನು ಮರಳಿನಲ್ಲಿ ಹುರಿಯುವ ಕ್ರಮವೇ ಇದು. ಶಾಖ ಎಲ್ಲ ಕಡೆಗೂ ಸಮನಾಗಿ ತಗಲುತ್ತದೆ. ಸುವಾಸನೆ ಬಂದು ಒಂದೆರಡು ಸಿಪ್ಪೆಗಳು ಬಿರಿದೊಡನೆ ಇಳಿಸಿ, ಉಪ್ಪನ್ನು ಜರಡಿಯಾಡಿ, ಅಗಲವಾದ ತಟ್ಟೆಯಲ್ಲಿ ಹರಡಬೇಕು. ಬಾಣಲೆಯಲ್ಲಿಯೇ ಬಿಟ್ಟರೆ ಅದರ ಕಾವಿಗೇ ತಿರುಳು ಕಪ್ಪಾಗಿ ಕಹಿಯಾಗುತ್ತದೆ. ಆರಿದ ಮೇಲೆ ಸಿಪ್ಪೆಯನ್ನು ಬೆರಳಿನಿಂದಲೇ ಒಡೆಯಬಹುದು.

ಕೊಳ್ಳುವಾಗ

ದೆಹಲಿಗೆ ಬರುವ ಚಿಲ್ಗೋಜಾ ಎಲ್ಲವೂ ಕಿನ್ನೌರ್‌ನದಲ್ಲ. ಅಫ್ಘಾನಿಸ್ತಾನದ ಸರಕೂ ಬರುತ್ತದೆ. ಎರಡೂ ಒಂದೇ ಜಾತಿಯ ಮರದವು. ಹೊಸ ಫಸಲು ಅಂಗಡಿಗೆ ಬರುವುದು ಚಳಿಗಾಲದ ಆರಂಭದಲ್ಲಿ. ಬೇಸಿಗೆಯಲ್ಲಿ ‘ತಾಜಾ’ ಎಂದು ಮಾರುವುದು ಹಿಂದಿನ ಶರತ್ಕಾಲದ್ದೇ ಎಂದು ತಿಳಿಯಬೇಕು.

ಸಿಪ್ಪೆಯ ಮೇಲಿನ ಹೊಳಪನ್ನು ನೋಡಿ ಮೋಸಹೋಗಬಾರದು. ಮೊದಲು ನೂರು ಗ್ರಾಂ ಮಾತ್ರ ಕೊಂಡು, ಹತ್ತು ಬೀಜಗಳನ್ನು ಒಡೆದು ನೋಡುವುದು ಉತ್ತಮ. ಹತ್ತರಲ್ಲಿ ಎರಡು ಜೊಳ್ಳಾಗಿದ್ದರೆ ಕೇಳಿದ ಬೆಲೆಗಿಂತ ನೀವು ಕೊಡುತ್ತಿರುವ ನಿಜವಾದ ಬೆಲೆ ಕಾಲು ಭಾಗ ಹೆಚ್ಚಾಯಿತು. ಒಳ್ಳೆಯ ತಿರುಳು ಕೆನೆಬಣ್ಣದ್ದಾಗಿ ತುಂಬಿಕೊಂಡಿರುತ್ತದೆ. ಹಳದಿಗೆ ತಿರುಗಿ ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ ಎಂದರ್ಥ. ಹಸಿ ಬೀಜದಲ್ಲಿ ನೀರಿನ ತೂಕವೂ ಸೇರಿರುವುದರಿಂದ ಹಸಿಯದರ ಮತ್ತು ಹುರಿದದ್ದರ ಬೆಲೆಯನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಸಿಪ್ಪೆ ಸುಲಿದು, ಗಿಡ್ಡಗೆ ದಪ್ಪಗಿರುವ ಬೀಜವನ್ನು ಪೈನ್ ಬೀಜವೆಂದು ಮಾರಿದರೆ ಅದು ಚಿಲ್ಗೋಜಾ ಅಲ್ಲ, ಬೇರೆ ದೇಶದ ಬೇರೆ ಪೈನ್ ಮರದ್ದು. ಚೀನಾದ ಒಂದು ಬಗೆಯ ಪೈನ್ ಬೀಜವನ್ನು ತಿಂದ ಕೆಲವರಿಗೆ ಒಂದೆರಡು ದಿನಗಳ ನಂತರ ಬಾಯಲ್ಲಿ ಕಹಿ ರುಚಿ ಕಾಣಿಸಿಕೊಂಡು ವಾರಗಟ್ಟಲೆ ಉಳಿದದ್ದು ಯೂರೋಪ್ ಮತ್ತು ಅಮೆರಿಕಗಳಲ್ಲಿ ದಾಖಲಾಗಿದೆ. ಅದು ತಾನಾಗಿಯೇ ಹೋಗುತ್ತದೆ.

ಪೊಟ್ಟಣದಲ್ಲಿ ಕೊಳ್ಳುವುದಾದರೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ ಇವೆಯೇ ಎಂದು ನೋಡಬೇಕು. ತೂಕದಲ್ಲಿ ಅಥವಾ ಗುಣಮಟ್ಟದಲ್ಲಿ ಮೋಸವಾಗಿದ್ದರೆ ರಶೀದಿಯೊಡನೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ನೀಡಬಹುದು. ಬೀಜಗಳ ಅಲರ್ಜಿ ಇರುವವರು ಇದನ್ನು ತಿನ್ನಬಾರದು. ಚಿಕ್ಕ ಮಕ್ಕಳಿಗೆ ಇಡಿಯಾಗಿ ಕೊಡಬಾರದು. ಮನೆಗೆ ತಂದದ್ದನ್ನು ಸಿಪ್ಪೆಸಹಿತವಾಗಿಯೇ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ತಂಪಾದ ಸ್ಥಳದಲ್ಲಿ ಇಟ್ಟು, ಬೇಕಾದಷ್ಟನ್ನೇ ಹುರಿದುಕೊಳ್ಳುವುದು ಒಳ್ಳೆಯದು. ಒಮ್ಮೆ ಸುಲಿದ ತಿರುಳು ದೆಹಲಿಯ ಬೇಸಿಗೆಯನ್ನು ತಡೆಯದು.